ಒಂಟಿ ಕಣ್ಣಿಗೆ ಇಟ್ಟ ಬೊಟ್ಟು

ಚಾರ್ವಿ, ತೇಜಸ್, ದಸರಾ ರಜೆ ಮುಗಿಸಿ ಮಾಲೂರಿಗೆ ಹೊರಟಾಗ ನೀವು ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಆ ಕ್ಯಾಮೆರಾವನ್ನು ನನ್ನ ಕೈಗಿಟ್ಟು, "ಅಜ್ಜಿ, ದೀಪಾವಳಿಗೆ ನಾವು ಬರೋಷ್ಟರಲ್ಲಿ ನಿನ್ನದೊಂದು ಫೋಟೋ ತೆಗೆದಿರಬೇಕು. ಮುಖ ಕಾಣೋ ಹಂಗೆ" ಎಂದು ಹೇಳಿ ಬಸ್ಸು ಹತ್ತಿದಿರಿ. ನಾನು ಹೂಂ ಅಂದೆ. ಹೂಂ ಅನ್ನುವುದು ನನಗೆ ಯಾವತ್ತೂ ಸುಲಭ. ಉಹೂಂ ಅನ್ನಬೇಕಾದರೆ ಕಾರಣ ಹೇಳಬೇಕು, ಕಾರಣ ಹೇಳಬೇಕಾದರೆ ನಾಲ್ಕು ಜನ ನನ್ನ ಮುಖ ನೋಡುತ್ತಾರೆ.

'ಮುಖ ಕಾಣೋ ಹಂಗೆ' ಎಂದು ನೀವು ಒತ್ತಿ ಹೇಳಿದ್ದೇಕೆ ಎಂದು ನನಗೆ ಗೊತ್ತು. ನಡುಮನೆಯ ಗೋಡೆಯಲ್ಲಿರುವ ನಿಮ್ಮ ತಾತನ ಫೋಟೋದ ಅಂಚಿನಲ್ಲಿ ಹಸಿರು ಸೀರೆಯ ಒಂದು ಭುಜ ಇದೆ. ಚಾರ್ವಿ ಚಿಕ್ಕವಳಿದ್ದಾಗ ಅದು ಯಾರದೆಂದು ಕೇಳಿದ್ದಳು. ನನ್ನದೇ ಅಂದೆ. "ಹಂಗಾದ್ರೆ ನಿನ್ನ ಮುಖ ಎಲ್ಲಿ?" ಅಂದಳು. ಯಾರದೋ ಮದುವೆಯಲ್ಲಿ ತೆಗೆದ ಫೋಟೋ ಅದು. ತಾತ ಹೋದ ಮೇಲೆ ಮುಳಬಾಗಿಲಿನ ಸ್ಟುಡಿಯೋದವನು ಅವರೊಬ್ಬರನ್ನೇ ಬಿಡಿಸಿ ದೊಡ್ಡದು ಮಾಡಿಕೊಟ್ಟ. ನನ್ನನ್ನು ಕತ್ತರಿಸಿದ್ದರಲ್ಲಿ ಅವನ ತಪ್ಪೇನೂ ಇಲ್ಲ. ಕ್ಲಿಕ್ ಅಂದ ಗಳಿಗೆಯಲ್ಲಿ ನಾನು ಮುಖವನ್ನು ಆ ಕಡೆಗೆ ತಿರುಗಿಸಿಕೊಂಡಿದ್ದೆ. ಪಾಪ, ಅವನು ಕತ್ತರಿಸಿದ್ದು ಒಂದು ತುರುಬನ್ನು ಮಾತ್ರ.

ಫೋಟೋಗೆ ನಿಲ್ಲುವವರಲ್ಲಿ ಎಷ್ಟು ಬಗೆಯವರು! ಕುರ್ಚಿ ಇನ್ನೂ ಇಡುವ ಮೊದಲೇ ನಡುವೆ ಹೋಗಿ ಕೂರುವವರು ಕೆಲವರು. ಬೇಡ ಬೇಡ ಎನ್ನುತ್ತಲೇ ತಲೆ ಬಾಚಿಕೊಂಡು ಬರುವವರು ಕೆಲವರು. ನಾನು ಅಂಚಿನ ಗಿರಾಕಿ. ಹಿಂದಿನ ಸಾಲು, ಕೊನೆಯ ಜಾಗ, ಕಂಕುಳಲ್ಲಿ ಒಂದು ಮಗು. ಮಗು ಇದ್ದರೆ ಎಲ್ಲರೂ ಅದನ್ನೇ ನೋಡುತ್ತಾರೆ. ನಿಮ್ಮ ಅಮ್ಮ ಶೋಭಾ ಎಷ್ಟೋ ದಿನ ಹೀಗೆ ನನಗೆ ಪರದೆಯಾಗಿದ್ದಳು. ಆಮೇಲೆ ಅವಳು ಭಾರವಾದಳು.

ಆಯುಧ ಪೂಜೆಯ ದಿನ ನಡೆದದ್ದು ನಿಮಗೆ ನಗುವಿನ ವಿಷಯ. ಅದನ್ನು ನನ್ನ ಕಡೆಯಿಂದಲೂ ಒಮ್ಮೆ ಹೇಳುತ್ತೇನೆ. ಅಂಗಳದಲ್ಲಿ ಚಾಪೆಯ ಮೇಲೆ ಕುಡುಗೋಲು, ಗುದ್ದಲಿ, ಹಿಪ್ಪುನೇರಳೆ ಸೊಪ್ಪು ಹೆಚ್ಚುವ ಕತ್ತಿ, ನನ್ನ ಹೊಲಿಗೆ ಯಂತ್ರ ಎಲ್ಲ ಇಟ್ಟಿದ್ದೆವು. ಪಕ್ಕದಲ್ಲಿ ನಿಮ್ಮ ಮಂಜು ಮಾಮನ ಬೈಕು. ಸಾಲಿನ ಕೊನೆಗೆ ತೇಜಸ್ ಈ ಕ್ಯಾಮೆರಾ ತಂದಿಟ್ಟ. ತಾತ ಹೋದ ಮೇಲೆ, ಕುಂಕುಮದ ಬಟ್ಟಲು ಬರುವ ಹೊತ್ತಿಗೆ ನಾನು ನೀರೋ ಹೂವೋ ತರುವ ನೆಪದಲ್ಲಿ ಒಳಗೆ ಹೋಗಿಬಿಡುತ್ತಿದ್ದೆ. ಇಡಬೇಡ ಎಂದು ಯಾರೂ ಹೇಳಿರಲಿಲ್ಲ, ಇಡು ಎಂದೂ ಹೇಳಿರಲಿಲ್ಲ. ಈ ಸಲ ಚಾರ್ವಿ ಅಡ್ಡ ನಿಂತು ಬಟ್ಟಲನ್ನು ನನ್ನ ಕೈಗೇ ಕೊಟ್ಟಳು. "ದಿನಾ ಇವನ್ನೆಲ್ಲ ಹಿಡಿದು ಕೆಲ್ಸ ಮಾಡೋಳು ನೀನು. ನೀನೇ ಇಡಜ್ಜಿ."

ನಾನು ನಿಮ್ಮ ತಾತನ ಅಕ್ಕ ವೆಂಕಟಮ್ಮನವರ ಕಡೆ ನೋಡಿದೆ. ಅವರು ನನಗೆ ವದಿನ. ನಮ್ಮ ಮನೆಯಲ್ಲಿ ಅವರ ಮಾತೇ ಕೊನೆ.

"ನನ್ನ ಮುಖದಾಗೆ ಏನ್ ಬರ್ದೈತಮ್ಮಾ ಯಶೋದಾ? ಬೇಗ ಇಡು, ಹೊಟ್ಟೆ ಹಸೀತೈತೆ" ಅಂದರು ಅವರು.

ಅಷ್ಟು ವರ್ಷದ ಹೆದರಿಕೆಗೆ ಅಷ್ಟೇ ಉತ್ತರ. ಕತ್ತಿಗೆ ಅಲಗಿನ ಮೇಲೆ, ಯಂತ್ರಕ್ಕೆ ನೆತ್ತಿಯ ಮೇಲೆ, ಬೈಕಿಗೆ ದೀಪದ ಮೇಲೆ ಬೊಟ್ಟಿಟ್ಟುಕೊಂಡು ಬಂದೆ. ಕ್ಯಾಮೆರಾಕ್ಕೆ ಹಣೆ ಎಲ್ಲಿ ಅಂತ ಹುಡುಕಿದೆ. ಅದಕ್ಕೆ ಹಣೆಯೂ ಇಲ್ಲ, ಕೆನ್ನೆಯೂ ಇಲ್ಲ, ಇರುವುದು ಒಂದೇ ಕಣ್ಣು. ಅದರ ನಡುಮಧ್ಯಕ್ಕೇ ಒದ್ದೆ ಕುಂಕುಮ ಒತ್ತಿದೆ.

ಪೂಜೆಯಾದ ಕೂಡಲೇ ತೇಜಸ್ ಅದನ್ನು ತುಳಸಿಕಟ್ಟೆಯ ಮೇಲಿಟ್ಟು, ಟೈಮರ್ ಒತ್ತಿ ಓಡಿಬಂದು ನಿಂತ. ಬಿಸಿಲಿಗೆ ಹಿಂದಿನ ಪರದೆಯಲ್ಲಿ ಏನೂ ಕಾಣುತ್ತಿರಲಿಲ್ಲ. ಆಮೇಲೆ ನೆರಳಿಗೆ ತಂದು ನೋಡಿದರೆ, ನಡುವೆ ಕೂತಿದ್ದ ವದಿನ, ಶೋಭಾ, ಮಂಜು, ನೀವಿಬ್ಬರು ಎಲ್ಲರೂ ಕೆಂಪು ಮಂಜಿನಲ್ಲಿ ಮುಳುಗಿಹೋಗಿದ್ದೀರಿ. ಸ್ಪಷ್ಟವಾಗಿ ಕಾಣುತ್ತಿದ್ದವಳು ಅಂಚಿನಲ್ಲಿದ್ದ ನಾನೊಬ್ಬಳೇ. ಅದೂ ಅಡ್ಡಡ್ಡ ಹಿಗ್ಗಿ, ಸೆರಗು ಹೊದ್ದ ಬೂದುಗುಂಬಳಕಾಯಿಯ ಹಾಗೆ.

"ಅಯ್ಯೋ ನಾ ತಲ್ಲೀ!" ಎಂದು ವದಿನ ಹಣೆ ಚಚ್ಚಿಕೊಂಡರು. "ಹೊಸ ಸೀರೆ ಉಟ್ಕೊಂಡು ಕೂತಿದ್ದು ನಾನು, ಫೋಟೋಗೆ ಬಿದ್ದಿದ್ದು ಇವಳು! ಇಷ್ಟು ವರ್ಷ ಮೂಲೇಲಿ ಅಡಗಿ ಅಡಗಿ ಇವತ್ತು ಎಲ್ಲಾ ಬಡ್ಡಿ ಸಮೇತ ತೀರಿಸ್ಕೊಂಡ್ಳು ನೋಡು."

ನೀವೆಲ್ಲ ನಕ್ಕಿರಿ. ನಾನು ಮಾತ್ರ ಇಡಬಾರದ ಕೈಯಲ್ಲಿ ಇಟ್ಟೆನೇನೋ ಎಂದು ಒಳಗೊಳಗೇ ಕುಸಿದೆ. ಚಾರ್ವಿ ತನ್ನ ದುಪಟ್ಟಾದ ತುದಿಯಿಂದ ಆ ಕಣ್ಣನ್ನು ಒರೆಸುತ್ತಾ, "ಬೊಟ್ಟಲ್ಲ ತಪ್ಪು, ಇಟ್ಟ ಜಾಗ ತಪ್ಪು ಅಷ್ಟೇ" ಅಂದಳು. ಆ ಮಾತನ್ನು ನಾನು ಇನ್ನೂ ಹಿಡಿದುಕೊಂಡಿದ್ದೇನೆ.

ಬೂದುಗುಂಬಳಕಾಯಿಯ ಗುಟ್ಟು ಮಾತ್ರ ಬಿಡಿಸಬೇಕಿತ್ತು. ನೀವು ಹೋದ ಮೇಲೆ ಫೋನಿನಲ್ಲಿ ಚಾರ್ವಿ ಹೇಳಿದಂತೆ ಒಂದೊಂದೇ ಒತ್ತುತ್ತಾ ಕಲಿತೆ. ವೈಡ್ ಎಂಬುದರಲ್ಲಿ ಇಟ್ಟರೆ ಇಡೀ ಅಂಗಳ ಒಳಗೆ ಬರುತ್ತದೆ, ಆದರೆ ಅಂಚಿನಲ್ಲಿ ನಿಂತವರು ಹಿಗ್ಗುತ್ತಾರೆ. ಲೀನಿಯರ್‌ನಲ್ಲಿ ಇಟ್ಟರೆ ಗೋಡೆ ನೆಟ್ಟಗೆ, ಬಾಗಿಲು ನೆಟ್ಟಗೆ. ಎಲ್ಲದರಲ್ಲೂ ಚೆನ್ನಾಗಿ ಕಾಣುವವರು ಮಧ್ಯದಲ್ಲಿರುವವರು. ನನ್ನಂಥವರಿಗೆಂದೇ ಯಾರೋ ಹಟ ಮಾಡಿ ಈ ಯಂತ್ರ ಮಾಡಿರಬೇಕು.

ರೇಷ್ಮೆ ಹುಳದ ಮನೆಯೊಳಗೆ ಬೆಳಕು ಕಡಿಮೆ. ಅಲ್ಲಿ ಬೆಳಕು ಹೆಚ್ಚಿಸುವ ಐಎಸ್ಒ ಎಂಬುದನ್ನು ಏರಿಸಿದೆ. ಫೋಟೋ ಬೆಳ್ಳಗಾಯಿತು ನಿಜ, ಆದರೆ ರಾಗಿಹಿಟ್ಟು ಎರಚಿದ ಹಾಗೆ ತುಂಬ ಚುಕ್ಕಿ. ಅದನ್ನು ಇಳಿಸಿ ಕಿಟಕಿ ತೆರೆದೆ, ಸರಿಹೋಯಿತು. ಟೈಮ್ ಲ್ಯಾಪ್ಸ್ ಎಂಬುದು ನಾವು ಪಕ್ಕದಲ್ಲಿ ಇಲ್ಲದಿದ್ದರೂ ಆಗಾಗ ತಾನೇ ತೆಗೆಯುತ್ತಿರುತ್ತದೆ. ಅದನ್ನು ಹುಳದ ತಟ್ಟೆಯ ಎದುರು ಇಟ್ಟೆ. ಆ ವಾರ ಹುಳಗಳು ಜ್ವರಕ್ಕೆ ಕೂತಿದ್ದವು. ಜ್ವರವೆಂದರೆ ಕಾಯಿಲೆಯಲ್ಲ, ಹಳೆಯ ಚರ್ಮ ಬಿಡುವ ಹೊತ್ತು. ಸೊಪ್ಪು ಬಿಟ್ಟು, ತಲೆ ಎತ್ತಿಕೊಂಡು, ಅಲುಗಾಡದೆ ಕೂತಿರುತ್ತವೆ. ಇಷ್ಟು ವರ್ಷ ಹುಳ ಸಾಕಿದರೂ ಅವು ಚರ್ಮ ಬಿಟ್ಟು ಹೊರಬರುವುದನ್ನು ನಾನು ಮೊದಲಿನಿಂದ ಕೊನೆಯವರೆಗೆ ನೋಡಿರಲಿಲ್ಲ. ಆ ಹೊತ್ತಿನಲ್ಲಿ ಯಾವಾಗಲೂ ಅಡುಗೆಯೋ ಹಾಲು ಕರೆಯುವುದೋ ಇರುತ್ತಿತ್ತು. ಫೋಟೋಗಳನ್ನು ಒಂದರ ಹಿಂದೊಂದು ಸರಿಸಿದಾಗ ಕಂಡಿತು. ತಲೆ ಎತ್ತಿ ಕೂತದ್ದು ಹಾಗೇ ಮೆಲ್ಲಗೆ ಮುಂದಕ್ಕೆ ಜಾರಿ ಹೊಸದಾಗಿ ಬರುತ್ತದೆ.

ಅದರ ಮಾರನೆಯ ಬೆಳಿಗ್ಗೆ ನನ್ನ ಫೋಟೋಗೆ ಕೈಹಾಕಿದೆ. ಬರ್ಸ್ಟ್ ಎಂಬುದು ಕೆಲವೇ ಕ್ಷಣಗಳಲ್ಲಿ ಒಂದರ ಹಿಂದೊಂದು ರಾಶಿ ಫೋಟೋ ತೆಗೆಯುತ್ತದೆ. ಅದಕ್ಕೆ ಟೈಮರ್ ಸೇರಿಸಿ, ನಡುಮನೆಯ ಗೋಡೆಯ ಕಡೆ ಓಡಿದೆ. ನೋಡಿದರೆ ಮೊದಲನೆಯದರಲ್ಲಿ ಮುಖ ನೆಟ್ಟಗಿದೆ, ಆದರೆ ನಾನಿನ್ನೂ ಚೌಕಟ್ಟಿನೊಳಗೆ ಅರ್ಧ ಬಂದಿದ್ದೇನೆ. ಮುಂದಿನವುಗಳಲ್ಲಿ ಗಲ್ಲ ಇಳಿಯುತ್ತದೆ, ಕಣ್ಣು ಜಾರುತ್ತದೆ, ಸೆರಗು ಏರುತ್ತದೆ, ಕೊನೆಗೆ ತುರುಬು. ನಾನು ಓಡಿಹೋಗುವುದು ಹೇಗೆಂದು ನಾನೇ ನೋಡಿದ್ದು ಅದೇ ಮೊದಲು. ನಗು ಬಂತು. ಒಂದು ಕಿರುಬೆರಳಷ್ಟು ಕಣ್ಣಿಗೆ ಇಷ್ಟೊಂದು ಹೆದರಿಕೆಯೇ?

ಅಷ್ಟರಲ್ಲಿ ವದಿನ ಮಜ್ಜಿಗೆಗೆಂದು ಬಂದರು. "ಏಮ್ಮಾ ಇದಿ, ಗೋಡೆ ಮುಂದೆ ನಿಂತು ಒಬ್ಬಳೇ ನಗ್ತಿದ್ದೀಯ?" ಎಂದು ಕೇಳಿ, ವಿಷಯ ತಿಳಿದ ಮೇಲೆ ನನ್ನ ಭುಜ ಹಿಡಿದು ಸರಿಯಾಗಿ ತಾತನ ಫೋಟೋದ ಪಕ್ಕಕ್ಕೆ, ಹಸಿರು ಭುಜ ಇರುವ ಕಡೆಗೆ ನಿಲ್ಲಿಸಿದರು. "ಇಲ್ಲಿ ನಿಲ್ಲು. ಇದು ನಿನ್ನ ಜಾಗಾನೇ ತಾನೇ? ಅವನೇನು ಬೇರೆಯೋನಾ, ನಾಚ್ಕೊಳ್ಳೋದಕ್ಕೆ?"

ಟೈಮರ್ ಒತ್ತಿ ಬಂದು ಮತ್ತೆ ಅಲ್ಲೇ ನಿಂತೆ, ಅದರ ಕೆಂಪು ದೀಪ ಮಿಣುಕತೊಡಗಿತು. ಮೊದಲು ನಿಧಾನ, ಆಮೇಲೆ ಅವಸರ. ನನ್ನ ಗಲ್ಲ ಇಳಿಯಲು ಹೊರಟಿತು. ಹುಳಗಳು ನೆನಪಾದವು. ತಲೆ ಎತ್ತಿದೆ, ಅಲುಗಾಡಲಿಲ್ಲ.

ಬಂದಿದೆ ಮಕ್ಕಳೇ. ಎರಡೂ ಕಣ್ಣು ತೆರೆದಿವೆ, ತುಟಿ ಸ್ವಲ್ಪ ಬಿಗಿದಿದೆ, ಒಂದು ಪಕ್ಕದಲ್ಲಿ ವದಿನ ಹಿಡಿದ ಮಜ್ಜಿಗೆ ಲೋಟ ಇಣುಕಿದೆ. ಇನ್ನೊಂದು ಪಕ್ಕದಲ್ಲಿ ನಿಮ್ಮ ತಾತ, ಅವರಿಗೂ ನನಗೂ ನಡುವೆ ಆ ಹಸಿರು ಭುಜ. ಅದಕ್ಕೀಗ ಒಂದು ಮುಖ ಸಿಕ್ಕಿದೆ. ತುಂಬ ತಡವಾಗಿ, ತಲೆ ನರೆತ ಮೇಲೆ. ಆದರೂ ಅದರದ್ದೇ ಮುಖ.

ಕ್ಯಾಮೆರಾದ ಕಾರ್ಡು ತುಂಬಿದರೆ ನೀವು ಏನಾದರೂ ಅಳಿಸುತ್ತೀರಿ, ಅದು ನನಗೆ ಗೊತ್ತು. ಅದಕ್ಕೇ ಈ ಫೋಟೋವನ್ನು ಒಂದು ಕಾಗದಕ್ಕೆ ಹಾಕಿಸಿ, ನಾನು ಬರೆದ ಈ ಹಾಳೆಗಳ ಜೊತೆ ಇಡಿ. ಗೆದ್ದಲು ಮುಟ್ಟದ ಕಡೆ, ಒದ್ದೆ ತಾಗದ ಕಡೆ, ನಿಮ್ಮ ಮಕ್ಕಳ ಕೈಗೆ ಸಿಗುವಷ್ಟು ಕಾಲ ಇರಲಿ. ಇಡುವಾಗ ಒಂದು ನೆನಪಿರಲಿ: ಅಂಚಿಗೆ ಸಿಕ್ಕಿಸಬೇಡಿ, ಹಾಳೆಗಳ ಮಧ್ಯೆ ಇಡಿ. ಅಲ್ಲಿ ನಿಲ್ಲುವುದನ್ನು ನಾನು ಈಗ ತಾನೇ ಕಲಿತಿದ್ದೇನೆ.