ಭೀಮಕ್ಕನ ಬೇಸಿಗೆ, ಗಾದ್ರಿಯ ಎಡಗೈ

ಭೀಮಕ್ಕನಿಗೆ ಸಿಟ್ಟು ಜಾಸ್ತಿ ಎಂದು ಊರೆಲ್ಲ ಹೇಳುತ್ತಿತ್ತು. ಹೇಳಲಿ ಬಿಡಿ. ಆ ಊರಿನಲ್ಲಿ ಬಾಲವಾಡಿ ನಡೆಸುವವಳಿಗೆ ಸಿಟ್ಟು ಬರದಿದ್ದರೆ ಅವಳನ್ನು ಡಾಕ್ಟರಿಗೆ ತೋರಿಸಬೇಕಿತ್ತು. ಸಿಟ್ಟು ನನಗೂ ಇದೆ. ಅವಳ ವಿಷಯ ಬರೆಯೋಣವೆಂದು ಕೂತರೆ ಇವತ್ತಿಗೂ ಮೈ ಉರಿಯುತ್ತದೆ, ಅದರಲ್ಲಿ ನನ್ನ ಮೇಲಿನ ಸಿಟ್ಟೂ ಸೇರಿದೆ.

ಬಸವಾಪಟ್ಟಣದಲ್ಲಿ ಬಸ್ಸಿಳಿದು ಎರಡು ಮೈಲಿ ನಡೆದರೆ ನಮ್ಮೂರು. ನಾನು ಅಲ್ಲಿನ ಶಾಲೆಯಲ್ಲಿ ಸಹಶಿಕ್ಷಕಿ, ಭೀಮಕ್ಕ ಮಹಿಳಾ ಸಮಾಜದ ಬಾಲವಾಡಿ ಟೀಚರು. ಒಂದೇ ಮನೆಯ ಅಕ್ಕಪಕ್ಕದ ಕೋಣೆಗಳಲ್ಲಿ ಬಾಡಿಗೆಗಿದ್ದೆವು. ಅವಳು ಹುಟ್ಟಿದ್ದು ಗೋವಿನಕೋವಿಯಲ್ಲಿ. ಹದಿನೇಳಕ್ಕೆ ಹೊನ್ನಾಳಿಗೆ ಮದುವೆ ಮಾಡಿ ಕೊಟ್ಟರು, ಹತ್ತೊಂಬತ್ತಕ್ಕೆ ಗಂಡ ಕಾಮಾಲೆಯಿಂದ ತೀರಿಕೊಂಡ. ಅತ್ತೆ ಮನೆಯವರು ಇವಳ ಕಾಲ್ಗುಣ ಸರಿಯಿಲ್ಲ ಎಂದರು. "ಆಸ್ಪತ್ರೆಗೆ ಕರ್ಕಂಡು ಹೋಗ್ರಿ ಅಂತ ಬಡ್ಕಂಡೆ, ಬೇರು ತೇದು ಕುಡಿಸ್ಕಂತ ಕುಂತ್ರಿ. ಈಗ ನನ್ ಕಾಲಿಗೆ ಏನ್ ಬಂತು?" ಎಂದು ಅಂಗಳದಲ್ಲಿ ನಿಂತೇ ಕೇಳಿ, ಬಟ್ಟೆ ಗಂಟು ಕಂಕುಳಲ್ಲಿಟ್ಟುಕೊಂಡು ಹೊರಟು ಬಂದವಳು. ಏಳನೇ ಕ್ಲಾಸಿನ ಮುಲ್ಕಿ ಪರೀಕ್ಷೆ ಪಾಸಾಗಿದ್ದಳು. ತರಬೇತಿ ಮುಗಿಸಿ ನಮ್ಮೂರಿನ ಬಾಲವಾಡಿಗೆ ಸೇರಿದಳು.

೧೯೭೮ರ ಬೇಸಿಗೆಯ ಮಾತು ಇದು. ನಮ್ಮ ಶಾಲೆಗೆ ರಜೆ. ಜಗಳೂರಿನ ತವರಿಗೆ ಹೋದರೆ ಮದುವೆ ಯಾವಾಗ, ಮದುವೆ ಯಾವಾಗ ಎಂದು ಪ್ರಾಣ ತಿನ್ನುತ್ತಾರೆಂದು ನಾನು ಊರಲ್ಲೇ ಉಳಿದಿದ್ದೆ. ಬಾಲವಾಡಿಗೆ ರಜೆ ಇಲ್ಲ. ಕೂಲಿಗೆ ಹೋಗುವ ತಾಯಂದಿರು ಬೆಳಿಗ್ಗೆ ಎಂಟಕ್ಕೆ ಮಕ್ಕಳನ್ನು ತಂದುಬಿಟ್ಟರೆ ಕರೆದೊಯ್ಯಲು ಬರುವುದು ಮೂರು ಗಂಟೆಗೆ. ತಗಡಿನ ಮಾಡಿನ ಒಂದು ಕೋಣೆ, ಇಪ್ಪತ್ತೆರಡು ಮಕ್ಕಳು, ಆ ಬಿಸಿಲು. ಹೊತ್ತು ಕಳೆಯಲು ಭೀಮಕ್ಕ ಅವರ ಕೈಲಿ ಬೇಸಿಗೆಯ ಚಿತ್ರಗಳಿಗೆ ಬಣ್ಣ ತುಂಬಿಸುತ್ತಿದ್ದಳು. ತೋಟದಲ್ಲಿ ಉದುರಿದ ಅಡಿಕೆ ಹಾಳೆಗಳನ್ನು ತಂದು, ಒಳಮೈ ಒರೆಸಿ, ಇದ್ದಿಲಿನಿಂದ ಮಾವಿನಕಾಯಿ, ಕಲ್ಲಂಗಡಿ, ಬೀಸಣಿಗೆ, ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಹೂಜಿ ಎಲ್ಲ ಬರೆದುಕೊಡುವಳು. ಬಣ್ಣಕ್ಕೆ ಅರಿಶಿನದ ಕೊಂಬು, ಹೆಂಚಿನ ಚೂರು, ಜಜ್ಜಿದ ಅವರೆ ಸೊಪ್ಪು. ಮಕ್ಕಳು ಹಾಳೆಗೂ ಬಳಿಯುತ್ತಿದ್ದವು, ಮೂಗಿಗೂ ಬಳಿದುಕೊಳ್ಳುತ್ತಿದ್ದವು.

ಆ ಮಕ್ಕಳಲ್ಲಿ ಗಾದ್ರಮ್ಮ ಒಬ್ಬಳು. ಎಲ್ಲರೂ ಗಾದ್ರಿ ಎನ್ನುತ್ತಿದ್ದರು. ವಯಸ್ಸು ಆರು ತುಂಬಿತ್ತು. ಎರಡು ವರ್ಷದವಳಿದ್ದಾಗ ಜ್ವರ ಬಂದು ಬಲಗೈ ಸೋತುಹೋಗಿತ್ತು. ಬೆರಳು ಆಡುತ್ತಿದ್ದವು, ಹಿಡಿತ ಇರಲಿಲ್ಲ. ಅವಳ ತಾಯಿ ದುರುಗಕ್ಕ ಕಳೆ ಕೀಳುವುದು, ಮಣ್ಣು ಹೊರುವುದು, ಸಿಕ್ಕಿದ ಕೂಲಿಗೆಲ್ಲ ಹೋಗುವವಳು. ಹಿಂದಿನ ಜೂನ್‌ನಲ್ಲಿ ಮಗಳನ್ನು ಶಾಲೆಗೆ ಸೇರಿಸಲು ಕರೆತಂದಿದ್ದಳು. ಆಗ ನಮ್ಮಲ್ಲಿ ಜನ್ಮದಿನಾಂಕ ಯಾರಿಗೆ ಗೊತ್ತಿತ್ತು? ಬಲಗೈಯನ್ನು ತಲೆಯ ಮೇಲಿಂದ ಹಾಕಿ ಎಡಗಿವಿ ಮುಟ್ಟಿದರೆ ವಯಸ್ಸಾಯಿತೆಂದು ಲೆಕ್ಕ. ಗಾದ್ರಿ ಮುಟ್ಟಲಿಲ್ಲ. ಹೆಡ್ಮಾಸ್ತರು ಮರುಳಸಿದ್ದಪ್ಪನವರು ವಾಪಸು ಕಳಿಸಿದರು.

ಈ ವರ್ಷ ಭೀಮಕ್ಕ ಫೆಬ್ರುವರಿಯಲ್ಲೇ ಹೋಗಿ ಅವರ ಜೊತೆ ಜಗಳ ಕಾದಿದ್ದಳು. ಕೊನೆಗೆ ಅವರು, "ಆಯ್ತು ಕಣಮ್ಮ, ಕಿವಿ ಮುಟ್ಟೋದು ಬ್ಯಾಡ. ಬಲಗೈಲಿ ಬಳಪ ಹಿಡಿದು ಒಂದಕ್ಷರ ಬರೀಲಿ, ಸೇರಿಸ್ಕಂತೀನಿ. ಈ ಸಲಾನೂ ಆಗ್ಲಿಲ್ಲ ಅಂದ್ರೆ ಮತ್ತೆ ನನ್ ಹತ್ರ ತರಬ್ಯಾಡ್ರಿ" ಎಂದರು.

ದುರುಗಕ್ಕ ಅವತ್ತು ಬಾಲವಾಡಿಯ ಬಾಗಿಲಲ್ಲಿ ಕೂತು ಹೇಳಿದ್ದು ನೆನಪಿದೆ. "ಎರಡು ಕೈ ಇರೋರಿಗೇ ಹೊಲದಾಗೆ ಹೊಟ್ಟೆ ತುಂಬಲ್ಲ. ನಾನು ಸತ್ ಮ್ಯಾಲೆ ಇದು ಏನ್ ಮಾಡ್ತೈತ್ರಿ ಅಕ್ಕಾ? ನಾಕಕ್ಷರ ಕಲಿಸ್ರಿ. ನಿಮ್ಮಂಗೆ ಎಲ್ಲಾದ್ರೂ ಕುಂತು ಬದುಕ್ಲಿ."

"ಕಲಿಸ್ತೀನಿ, ಅಳಬ್ಯಾಡ" ಎಂದಳು ಭೀಮಕ್ಕ. ಅಳುವವರನ್ನು ಕಂಡರೂ ಅವಳಿಗೆ ಸಿಟ್ಟೇ ಬರುತ್ತಿತ್ತು.

ಶಾಲೆಗೆ ಸೇರಿಸಿಕೊಳ್ಳುವ ಜೂನ್ ಒಂದಕ್ಕೆ ಎರಡು ತಿಂಗಳಿತ್ತು. ಭೀಮಕ್ಕ ಗಾದ್ರಿಯ ಬಲಗೈಗೆ ಅರಿಶಿನದ ಕೊಂಬು ಕೊಟ್ಟಳು, ಜಾರಿಬಿತ್ತು. ಇದ್ದಿಲು ಕೊಟ್ಟಳು, ಮುರಿಯಿತು. ಅಷ್ಟರಲ್ಲಿ ಮಗುವಿನ ಎಡಗೈ ತಾನಾಗಿ ಬಂದು ಕೊಂಬನ್ನು ಎತ್ತಿಕೊಂಡಿತು. ಭೀಮಕ್ಕ ಅದರ ಮೇಲೆ ಫಟ್ಟನೆ ಒಂದು ಕೊಟ್ಟಳು. "ಯಾವ ಕೈ ಅದು? ಉಂಬಾಕಿಲ್ಲ, ಬರಿಯಾಕಿಲ್ಲ, ಆ ಕೈ ಹಿಂದಕ್ಕೆ ತಗಿ!"

ಮಾರನೆಯ ದಿನದಿಂದ ಹಳೆ ಸೀರೆಯ ಅಂಚು ಹರಿದು ಗಾದ್ರಿಯ ಎಡಗೈಯನ್ನು ಸೊಂಟಕ್ಕೆ ಕಟ್ಟತೊಡಗಿದಳು. ಬೆಳಿಗ್ಗೆ ಕಟ್ಟುವುದು, ಊಟದ ತಟ್ಟೆ ಹಿಡಿಯಲು ಬಿಚ್ಚುವುದು, ಮತ್ತೆ ಕಟ್ಟುವುದು. ಬಿಚ್ಚಿದಾಗ ಆ ಕೈ ಬಣ್ಣ ಮುಟ್ಟಿದರೆ ಅಡಿಕೆ ಹಾಳೆಯ ಪಟ್ಟಿಯಿಂದ ಏಟು. ನಾನು ನೋಡುತ್ತಿದ್ದೆ. ಎರಡು ವರ್ಷ ಟೀಚರ್ ಟ್ರೈನಿಂಗ್ ಮಾಡಿದವಳು ನಾನು, ಬಾಯಿ ಬಿಡಲಿಲ್ಲ. ಬಿಡುವುದೇನು, ನನಗೂ ಅದು ತಪ್ಪೆಂದು ಅನ್ನಿಸಲೇ ಇಲ್ಲ. ನಮ್ಮಲ್ಲಿ ಯಾವ ಮಗು ಎಡಗೈಯಲ್ಲಿ ತುತ್ತೆತ್ತಿದರೂ ಅಜ್ಜಿಯೋ ಅತ್ತೆಯೋ ಹೊಡೆದೇ ಹೊಡೆಯುತ್ತಾರೆ. ಭೀಮಕ್ಕ ಊರಿನ ಎಲ್ಲ ಕಟ್ಟಳೆಗಳನ್ನೂ ಬೈದು ಬಂದವಳು, ಇದೊಂದನ್ನು ಮಾತ್ರ ಹೊನ್ನಾಳಿಯಲ್ಲಿ ಬಿಟ್ಟು ಬಂದಿರಲಿಲ್ಲ.

ಅವಳ ಸಿಟ್ಟೆಲ್ಲ ಬೇರೆ ಕಡೆ ಇತ್ತು. ಮಾರ್ಚ್‌ನಲ್ಲಿ ತಾಲ್ಲೂಕಿನಿಂದ ಬಾಲವಾಡಿಗೆ ಆರು ಡಬ್ಬಿ ಮೇಣದ ಬಣ್ಣದ ಕಡ್ಡಿಗಳು, ಜೊತೆಗೆ ಬಣ್ಣ ತುಂಬುವ ಪುಸ್ತಕಗಳು ಬಂದಿದ್ದವು. ಹೆಬ್ಬೆರಳಿನಷ್ಟು ದಪ್ಪದ ಕಡ್ಡಿಗಳು, ಸೋತ ಕೈಗೂ ಹಿಡಿಯಲು ಸಿಗುವಂಥವು. ಆದರೆ ಸಮಾಜದ ಅಧ್ಯಕ್ಷೆ ನಿರ್ಮಲಮ್ಮ, ಅಡಿಕೆ ಮಂಡಿಯವರ ಮನೆಯಾಕೆ, ಅವನ್ನು ಕಬ್ಬಿಣದ ಪೆಟ್ಟಿಗೆಗೆ ಹಾಕಿ ಬೀಗ ಜಡಿದು, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಪೆಟ್ಟಿಗೆ ಮಕ್ಕಳ ಕೈಗೆ ಸಿಗಬಾರದೆಂದು ಅಟ್ಟಣಿಗೆಯ ಮೇಲೆ, ತಗಡಿಗೆ ಒತ್ತಿಕೊಂಡಂತೆ ಇಡಿಸಿದ್ದಳು.

"ತಾಲ್ಲೂಕಿನ ಸಾಹೇಬ್ರು ಮೇ ತಿಂಗಳಾಗೆ ನೋಡಾಕೆ ಬರ್ತಾರಂತೆ. ಅವತ್ತು ಹೊಸಾವು ತಗದು ಕೊಡಾಣ. ಈಗ್ಲೇ ಕೊಟ್ರೆ ಈ ಹುಡುಗ್ರು ತಿಂದು ಹಾಕ್ತಾವೆ."

"ಬಣ್ಣ ಬಂದಿರಾದು ಸಾಹೇಬ್ರಿಗೋ ಮಕ್ಕಳಿಗೋ?" ಎಂದು ಭೀಮಕ್ಕ ಕೇಳಿದಳು. "ಒಂದು ಕಡ್ಡಿ ಕೊಡ್ರಿ ಸಾಕು. ಆ ಹುಡುಗಿ ಕೈ ನೆಟ್ಟಗಾಗ್ತೈತೆ."

"ಒಂದು ಕೊಟ್ರೆ ಡಬ್ಬಿ ಬಾಯಿ ಬಿಟ್ಟಂಗೆ ಕಾಣ್ತೈತೆ. ಚಂದ ಇರಲ್ಲ."

ಚಂದ ಇರುವುದಿಲ್ಲವಂತೆ! ಅವತ್ತು ಮನೆಗೆ ಬಂದ ಭೀಮಕ್ಕ ಒಲೆ ಮುಂದೆ ಕೂತು ರೊಟ್ಟಿಯನ್ನು ಎಷ್ಟು ಜೋರಾಗಿ ತಟ್ಟಿದಳೆಂದರೆ ಗೋಡೆಯಾಚೆ ನನ್ನ ಲೋಟ ಅಲುಗಾಡಿತು. ಎರಡು ತಿಂಗಳೂ ಅವಳದು ಅದೇ ಮಾತು. ಆ ಕಡ್ಡಿ ಸಿಕ್ಕಿದ್ದರೆ ಬಲಗೈ ಪಳಗುತ್ತಿತ್ತು, ಆ ಕಡ್ಡಿ ಸಿಕ್ಕಿದ್ದರೆ. ಮಗುವಿನ ಎಡಗೈಯನ್ನು ಕಟ್ಟುತ್ತಲೇ ನಿರ್ಮಲಮ್ಮನನ್ನು ಬೈಯುತ್ತಿದ್ದಳು.

ಮೇ ಹದಿನಾರಕ್ಕೆ ಸಾಹೇಬರು ಜೀಪಿನಲ್ಲಿ ಬಂದರು. ಅವರ ಮುಂದೆ ಚೆನ್ನಾಗಿ ಕಾಣುವುದಿಲ್ಲವೆಂದು ಭೀಮಕ್ಕ ಅವತ್ತು ಗಾದ್ರಿಯ ಕೈ ಕಟ್ಟಿರಲಿಲ್ಲ. ನಾನೂ ಹೋಗಿದ್ದೆ. ನಿರ್ಮಲಮ್ಮ ರೇಷ್ಮೆ ಸೀರೆಯುಟ್ಟು ಬಂದು ಪೆಟ್ಟಿಗೆ ಇಳಿಸಿ ಬೀಗ ತೆಗೆದಳು. ಒಳಗೆ ಡಬ್ಬಿಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಎರಡು ತಿಂಗಳ ಬಿಸಿಲಿಗೆ ತಗಡು ಕಾದು, ಪೆಟ್ಟಿಗೆ ಕಾದು, ಕಡ್ಡಿಗಳೆಲ್ಲ ಕರಗಿ ಕೆಂಪು ಹಸಿರು ನೀಲಿ ಬೆರೆತು ಮುದ್ದೆಯಾಗಿದ್ದವು.

"ಇದೇನ್ರಿ ಇದು?" ಎಂದರು ಸಾಹೇಬರು.

"ಟೀಚರ್ರಿಗೆ ಜೋಪಾನ ಮಾಡಿ ಇಡ್ರಿ ಅಂದಿದ್ದೆ ಸಾರ್" ಎಂದಳು ನಿರ್ಮಲಮ್ಮ. ಕಣ್ಣು ಮಿಟುಕಿಸದೆ ಹೇಳಿದಳು.

ಭೀಮಕ್ಕನ ಮುಖ ಕೆಂಪಾಯಿತು. "ಬೀಗದ ಕೈ ಯಾರ ಸೊಂಟದಾಗೆ ಐತೆ ನೋಡ್ರಿ ಸಾರ್! ಎರಡು ತಿಂಗಳು ನಾಯಿ ಬೇಡಿದಂಗೆ ಬೇಡೀನಿ. ಮಕ್ಕಳು ತಿಂತಾವೆ ಅಂದ್ರು. ಈಗ ತಗಡು ತಿಂತು, ನೋಡ್ರಿ!" ಎಂದವಳೇ ಪೆಟ್ಟಿಗೆ ಎಳೆದುಕೊಂಡು, ಮುದ್ದೆಯನ್ನು ಹಾಳೆ ಸೀಳುವ ಕುಡುಗೋಲಿನಿಂದ ಕತ್ತರಿಸಿ, ಒಂದೊಂದು ಉಂಡೆ ಒಂದೊಂದು ಮಗುವಿನ ಮುಂದೆ ಎಸೆದಳು. ಪುಸ್ತಕಗಳನ್ನು ಹಂಚಿದಳು. "ತುಂಬ್ರಿ! ಸಾಹೇಬ್ರು ನೋಡ್ಲಿ!"

ಮಕ್ಕಳು ಬಗ್ಗಿ ಬಳಿಯತೊಡಗಿದವು. ಪುಸ್ತಕದಲ್ಲಿ ಸಮುದ್ರದ ದಂಡೆಯ ಚಿತ್ರವೊಂದಿತ್ತು, ಸಮುದ್ರ ಕಾಣದ ನಮ್ಮ ಮಕ್ಕಳು ಅದನ್ನು ಬತ್ತಿದ ಕೆರೆ ಮಾಡಿ ಕಂದು ಬಳಿದವು. ಸಾಹೇಬರು ಸುತ್ತು ಹಾಕುತ್ತ ಗಾದ್ರಿಯ ಹತ್ತಿರ ನಿಂತರು. ಅವಳು ಹೆಚ್ಚಿದ ಕಲ್ಲಂಗಡಿ ಹೋಳಿಗೆ ಬಣ್ಣ ತುಂಬುತ್ತಿದ್ದಳು. ಒಂದು ಗೆರೆಯನ್ನೂ ದಾಟಿರಲಿಲ್ಲ. ಉಂಡೆಯನ್ನು ತಿರುಗಿಸಿ ತಿರುಗಿಸಿ, ಕೆಂಪು ಇರುವ ಕಡೆಯಿಂದ ತಿರುಳಿಗೆ, ಹಸಿರು ಇರುವ ಕಡೆಯಿಂದ ಸಿಪ್ಪೆಗೆ ಬಳಿದಿದ್ದಳು. ಬೀಜಗಳಿಗೆ ಮಾತ್ರ ಒಂದೊಂದಕ್ಕೂ ಬಣ್ಣ ತಾಗದಂತೆ ಬಿಟ್ಟಿದ್ದಳು.

"ಭೇಷ್! ಯಾರಮ್ಮ ಈ ಮಗು?" ಎಂದರು ಸಾಹೇಬರು.

ಭೀಮಕ್ಕ ತಿರುಗಿ ನೋಡಿದಳು. ಉಂಡೆ ಎಡಗೈಯಲ್ಲಿತ್ತು. ನಿರ್ಮಲಮ್ಮನ ಮೇಲಿನ ಸಿಟ್ಟು ಇನ್ನೂ ಇಳಿದಿರಲಿಲ್ಲ, ಅದೆಲ್ಲ ಆ ಪುಟ್ಟ ಕೈಯ ಮೇಲೆ ಹೋಯಿತು. ಹೊಡೆದ ರಭಸಕ್ಕೆ ಉಂಡೆ ಗೋಡೆಗೆ ಹೋಗಿ ಬಿತ್ತು. ಗಾದ್ರಿ ಅಳಲಿಲ್ಲ. ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಕೂತಳು.

"ಯಾಕಮ್ಮ ಹೊಡೆದ್ರಿ?"

"ಎಡಗೈ ಸಾರ್."

"ಓ, ಹೌದಲ್ಲ" ಎಂದು ಆ ಮಹಾನುಭಾವರೂ ತಲೆಯಾಡಿಸಿ ಮುಂದೆ ಹೋದರು. ಪದವಿ ಓದಿದವರು, ಸರ್ಕಾರದವರು, ತಲೆಯಾಡಿಸಿ ಹೋದರು. ನಾನೂ ಅಲ್ಲೇ ನಿಂತಿದ್ದೆ.

ಮಕ್ಕಳೆಲ್ಲ ಹೋದ ಮೇಲೆ ಭೀಮಕ್ಕ ಕಸ ಗುಡಿಸುತ್ತಿದ್ದವಳು ಗಾದ್ರಿಯ ಪುಸ್ತಕ ಎತ್ತಿಕೊಂಡು ಬಾಗಿಲ ಬೆಳಕಿಗೆ ಹಿಡಿದಳು. ಬಹಳ ಹೊತ್ತು ನೋಡಿದಳು.

"ಟೀಚರ್ರೆ, ಬರ್ರಿ ಇಲ್ಲಿ. ಇದನ್ನ ಬಳಿದಿದ್ದು ಎಡಗೈ ತಾನೇ?"

"ಹೌದು."

"ಹಂಗಾದ್ರೆ ನಾನು ಒಂದೂವರೆ ತಿಂಗಳು ಕಟ್ಟಿ ಹಾಕಿದ್ದು ಚೆನ್ನಾಗಿರಾ ಕೈಯನ್ನ!" ಎಂದು ಹಣೆ ಹಣೆ ಚಚ್ಚಿಕೊಂಡಳು. "ನನ್ ಕೈಗೆ ಹಾವು ಕಚ್ಚ! ನಿರ್ಮಲಮ್ಮ ಬಣ್ಣಕ್ಕೆ ಬೀಗ ಹಾಕಿದ್ಲು ಅಂತ ಊರೆಲ್ಲ ಬೈಕಂಡು ತಿರುಗಿದ್ನಲ್ಲ. ನಾನು ಏನ್ ಮಾಡ್ದೆ? ನೀವಾದ್ರೂ ಹೇಳಬಾರ್ದಿತ್ತೇನ್ರಿ? ನಿಮ್ ಬಾಯಿಗೆ ಏನ್ ಬಡಿದಿತ್ತು?"

ಜೂನ್ ಒಂದಕ್ಕೆ ಹದಿನೈದು ದಿನ ಉಳಿದಿತ್ತು. ಸೀರೆಯ ಅಂಚನ್ನು ಒಲೆಗೆ ಹಾಕಿದಳು. ಗಾದ್ರಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು, "ಈ ಕೈಲೇ ಬರಿ ನನ್ನವ್ವ, ಹೊಡಿಯಲ್ಲ" ಎಂದು ಗೋಗರೆದಳು. ಬೆಲ್ಲ ಕೊಟ್ಟಳು. ಮಗು ಬೆಲ್ಲವನ್ನು ಬಲಗೈಯ ಸೋತ ಬೆರಳುಗಳ ಮಧ್ಯೆ ಸಿಕ್ಕಿಸಿಕೊಂಡು ತಿಂದಿತು. ಎಡಗೈ ಬೆನ್ನ ಹಿಂದೆಯೇ ಇತ್ತು. ಭೀಮಕ್ಕ ನೀರು ತರಲು ಹೊರಗೆ ಹೋದಾಗ ಮಾತ್ರ ಅದು ಮುಂದೆ ಬಂದು, ನೆಲದ ಮೇಲೆ ಅಕ್ಷರ ತೀಡುತ್ತಿತ್ತು. ಕೊಡದ ಸದ್ದಾದರೆ ಮತ್ತೆ ಹಿಂದೆ. ಭೀಮಕ್ಕನಿಗೆ ನಾನೇ ಅದನ್ನು ಹೇಳಿದೆ. ಅವಳು ಅವತ್ತು ಯಾರನ್ನೂ ಬೈಯಲಿಲ್ಲ.

ಜೂನ್ ಒಂದನೇ ತಾರೀಕು ನಾನು ಹೆಡ್ಮಾಸ್ತರ ಪಕ್ಕದಲ್ಲಿ ದಾಖಲಾತಿ ಪುಸ್ತಕ ಹಿಡಿದು ಕೂತಿದ್ದೆ. ದುರುಗಕ್ಕ, ಗಾದ್ರಿ, ಭೀಮಕ್ಕ ಮೂವರೂ ಬಂದರು.

"ಎಡಗೈಲಿ ಬರೀತಾಳೆ ಸಾರ್, ಚೆನ್ನಾಗಿ ಬರೀತಾಳೆ" ಎಂದಳು ಭೀಮಕ್ಕ.

"ಶ್ರೀಕಾರ ಎಡಗೈಲಿ ಬರೆಸಾಕೆ ಆಗ್ತೈತೇನಮ್ಮ? ನಾನು ಹೇಳಿದ್ದೇನು?"

"ಬಲಗೈ ಇಲ್ಲದ ಕೂಸಿಗೆ ಬಲಗೈಲಿ ಬರಿ ಅಂತೀರಲ್ಲ, ನಿಮಗೇನು ಕರುಳೈತೋ ಕಲ್ಲೈತೋ? ಅಡಿಕೆ ಸುಲಿಯಾಕೆ ಎಡಗೈ ಬೇಕು, ಸಗಣಿ ಬಾಚಾಕೆ ಬೇಕು, ಅಕ್ಷರಕ್ಕೆ ಮೈಲಿಗೆ! ಬರೆಸಿ ನೋಡ್ರಿ. ಬರೀದಿದ್ರೆ ನಾನೇ ಕರ್ಕಂಡು ಹೋಗ್ತೀನಿ."

ಹೊರಗೆ ಜನ ಸೇರಿದ್ದರು. ಮರುಳಸಿದ್ದಪ್ಪನವರು ಸುತ್ತ ನೋಡಿ ಸ್ಲೇಟು ಮುಂದೆ ತಳ್ಳಿದರು. "ಹೂಂ, ಬರೀಲಿ. ಯಾವ ಕೈಲಾದ್ರೂ ಬರೀಲಿ."

ಗಾದ್ರಿ ಸ್ಲೇಟು ನೋಡಿದಳು, ಭೀಮಕ್ಕನ ಮುಖ ನೋಡಿದಳು. ಎಡಗೈ ಬೆನ್ನ ಹಿಂದೆ ಹೋಯಿತು. ಬಲಗೈಯಿಂದ ಬಳಪ ಎತ್ತಿಕೊಂಡಳು, ಬಿತ್ತು. ಮತ್ತೆ ಎತ್ತಿದಳು, ಬಿತ್ತು. ದುರುಗಕ್ಕ ಸೆರಗು ಬಾಯಿಗೆ ತುರುಕಿಕೊಂಡಳು. ಮೂರನೇ ಸಲ ಬಿದ್ದಾಗ ಬಳಪ ಎರಡು ತುಂಡಾಯಿತು. "ನೋಡಿದ್ರಾ?" ಎಂದು ಹೆಡ್ಮಾಸ್ತರು ನನ್ನ ಮುಂದಿದ್ದ ಪುಸ್ತಕ ಮುಚ್ಚಲು ಕೈ ಚಾಚಿದರು.

ಆಗ ನನಗೆ ಬಾಯಿ ಬಂತು. ಎಷ್ಟು ತಡವಾಗಿ! "ಮುಚ್ಚಬೇಡಿ ಸಾರ್" ಎಂದು ಪುಸ್ತಕದ ಮೇಲೆ ಎರಡೂ ಕೈ ಊರಿದೆ. "ಭೀಮಕ್ಕಾ, ನೀವು ಹೊರಗೆ ಹೋಗ್ರಿ."

ಅವಳು ನನ್ನನ್ನು ಸುಟ್ಟುಬಿಡುವಂತೆ ನೋಡಿದಳು. ಆಮೇಲೆ ಗಾದ್ರಿಯ ಬೆನ್ನ ಹಿಂದಿದ್ದ ಕೈ ನೋಡಿದಳು. ಎದ್ದು ಬಾಗಿಲು ದಾಟಿ, ಅಂಗಳ ದಾಟಿ, ಗೇಟಿನಾಚೆ ಹೋಗಿ ಗೋಡೆಯ ಮರೆಗೆ ನಿಂತಳು.

ಗಾದ್ರಿ ಕಿಟಕಿಯಿಂದ ಕತ್ತು ಚಾಚಿ ನೋಡಿದಳು. "ಅಕ್ಕ ಹೋದ್ರಾ?" ಎಂದು ನನ್ನನ್ನು ಕೇಳಿದಳು.

"ಹೋದರು."

ಎಡಗೈ ಮುಂದೆ ಬಂತು. ಮುರಿದ ಬಳಪದ ದೊಡ್ಡ ತುಂಡು ಆರಿಸಿಕೊಂಡು ಸ್ಲೇಟಿನ ತುಂಬ ದುಂಡಗೆ 'ಅ' ಬರೆದಳು. ಯಾರೂ ಕೇಳದಿದ್ದರೂ ಪಕ್ಕದಲ್ಲಿ 'ಆ' ಬರೆದಳು. ಹೆಡ್ಮಾಸ್ತರು ಏನಾದರೂ ಅನ್ನುವ ಮೊದಲೇ ನಾನು ಹೆಸರು ಬರೆದುಬಿಟ್ಟೆ.

ನಾನು ಗೇಟಿಗೆ ಓಡಿದೆ. ಭೀಮಕ್ಕ ಗೋಡೆಗೆ ಒರಗಿ ನಿಂತಿದ್ದಳು.

"ಬರೆದ್ಲಾ?"

"ಬರೆದಳು. ಮುತ್ತಿನಂಗೆ ಬರೆದಾಳೆ. ಬನ್ನಿ, ನೋಡ್ರಿ."

"ಬ್ಯಾಡ" ಎಂದಳು. "ನಾನು ಬಂದ್ರೆ ಕೈ ಹಿಂದಕ್ಕೆ ತಗಂತಾಳೆ."

ಗಾದ್ರಿ ಆ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೂ ಓದಿದಳು. ಬಾಲವಾಡಿಗೆ ಹೋಗಲು ಶಾಲೆಯ ಮುಂದಿನ ರಸ್ತೆಯೇ ಹತ್ತಿರದ ದಾರಿ. ಆ ಏಳು ವರ್ಷವೂ ಭೀಮಕ್ಕ ಕೆರೆ ಏರಿಯ ಮೇಲೆ ಸುತ್ತಿಕೊಂಡು ಹೋಗುತ್ತಿದ್ದಳು.