ಮುಚ್ಚಿದ ಬಾಗಿಲ ಮುಂದೆ ಕೂಗಿದ ಹೆಸರು

ನನ್ನ ಯಜಮಾನರ ಉಸಿರು ಇನ್ನೇನು ನಿಂತೇಹೋಯಿತು ಅನ್ನುವ ಗಳಿಗೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಉಸಿರನ್ನು ಉಳಿಸಿಕೊಟ್ಟವಳು ಹಾಸನದ ತಾಯಿ. ಭಕ್ತರಾದ ನಿಮ್ಮೆದುರು ಇದನ್ನು ಹೇಳದೆ ಹೋದರೆ ನನಗೆ ಉಂಡ ಅನ್ನ ಅರಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಅರಕಲಗೂಡಿನ ಮಗಳು, ಹೊಳೆನರಸೀಪುರದ ಸೊಸೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು, ತಪ್ಪಿದ್ದರೆ ತಿದ್ದಿಕೊಳ್ಳಿ. ಬಾಯಿ ಸ್ವಲ್ಪ ಜೋರು, ಅದನ್ನೂ ಹೊಟ್ಟೆಗೆ ಹಾಕಿಕೊಳ್ಳಿ.

ಇವರು ಹೇಮಾವತಿಯ ದಡದಲ್ಲಿ ಹುಟ್ಟಿದವರು. ಬಾವಿಗೆ ಬಿದ್ದ ಬಿಂದಿಗೆ ಪಾತಾಳಗರಡಿಯ ಕೊಕ್ಕೆಗೂ ಸಿಗದಿದ್ದರೆ ಊರಿನವರು ಇವರನ್ನೇ ಕರೆಯುತ್ತಿದ್ದರು. ದಮ್ಮು ಕಟ್ಟಿ ಮುಳುಗಿದರೆ, ಮೇಲಿದ್ದವರಿಗೆ ಎದೆ ಹೊಡೆದುಕೊಳ್ಳಲು ಶುರುವಾದ ಮೇಲೇ ತಲೆ ಎತ್ತುತ್ತಿದ್ದರು. ನಮ್ಮ ಮಾವನವರು ಇವರಿಗೆ ಚಿಕ್ಕಂದಿನಲ್ಲಿ ಸೊಂಟಕ್ಕೆ ಸೋರೆಬುರುಡೆ ಕಟ್ಟಿ ಬಾವಿಗಿಳಿಸಿ ಹೇಳಿಕೊಟ್ಟ ಪಾಠ ಒಂದೇ ಅಂತೆ: "ಆಕಾಸ ಕಾಣೋಗಂಟ ಉಸ್ರು ಬುಡಬ್ಯಾಡ ಕಣ್ಲಾ, ಬುಟ್ಟ್ಯೋ ಕೆಟ್ಟೆ!" ನಮ್ಮ ಕಡೆ ಈಜು ಕಲಿತವರಿಗೆಲ್ಲ ಅದೇ ಪಾಠ.

ಚೀನಾ ಯುದ್ಧ ಮುಗಿದು ಒಂದೆರಡು ವರ್ಷವಾಗಿತ್ತು, ಯುಗಾದಿ ಕಳೆದ ಬಿಸಿಲು. ಹೊಳೆಯಲ್ಲಿ ಕೆಲಸ ಮಾಡಿಸುತ್ತಿದ್ದ ಒಬ್ಬ ಕಂಟ್ರಾಕ್ಟರನ ಪಂಪು ತೆಪ್ಪದಿಂದ ಜಾರಿ ಮಡುವಿಗೆ ಬಿದ್ದಿತ್ತು. ಅದಕ್ಕೆ ಹಗ್ಗ ಕಟ್ಟಿ ಬರಲು ಇವರಿಗೆ ಹೇಳಿಕಳಿಸಿದ್ದರು. ಹೊರಟು ನಿಂತವರಿಗೆ ನಾನು, "ಬಾವಿ ಬ್ಯಾರೆ, ಮಡು ಬ್ಯಾರೆ, ಉಸಾರು ಕಣ್ರೀ" ಅಂದೆ. "ನೀರು ಅಂದ್ರೆ ನೀರೇ ಕಣಮ್ಮಿ. ನೀನು ಮದ್ಯಾನ್ನಕ್ಕೆ ಉಪ್ಸಾರು ಮಾಡಿಟ್ಟಿರು, ಬತ್ತೀನಿ" ಎಂದು ನಗುತ್ತಾ ಹೋದರು.

ಮಧ್ಯಾಹ್ನ ಬಂದವನು ನನ್ನ ಮೈದುನ, ಓಡಿಕೊಂಡು. ನಾನು ಹೊಳೆಗೆ ಹೋಗುವಷ್ಟರಲ್ಲಿ ಇವರನ್ನು ದಡದಲ್ಲಿ ಬೋರಲು ಮಲಗಿಸಿ ಬೆನ್ನು ಒತ್ತುತ್ತಿದ್ದರು. ಬಾಯಿಂದ ಒಂದು ಹನಿ ನೀರೂ ಬರಲಿಲ್ಲ. ತುಟಿಯ ಅಂಚಿನಲ್ಲಿ ಕೆಂಪು ನೊರೆ ಇತ್ತು. ಎಡಗೈ ಸತ್ತ ಹಾವಿನ ಹಾಗೆ ಬಿದ್ದುಕೊಂಡಿತ್ತು. "ಈಜಾಡ್ತಾ ಇದ್ದೋನು ಮುಳುಗ್ಬುಟ್ಟ ಕಣಮ್ಮ, ನೀರು ಕುಡ್ದವ್ನೆ" ಅಂದ ಕಂಟ್ರಾಕ್ಟರನ ಕಡೆಯವನು. ಹೇಳುವಾಗ ಅವನು ನನ್ನ ಮುಖ ನೋಡಲಿಲ್ಲ.

ಲಾರಿಯಲ್ಲಿ ಹಾಕಿಕೊಂಡು ಹಾಸನಕ್ಕೆ ಬಂದೆವು. ದಾರಿಯುದ್ದಕ್ಕೂ ಅವರ ತಲೆ ನನ್ನ ತೊಡೆಯ ಮೇಲಿತ್ತು. ಆಸ್ಪತ್ರೆಯಲ್ಲಿ ನರ್ಸಮ್ಮ ಹೆಸರು ಕೇಳಿದರು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದುಂಟೇ? ಹೇಳಿದರೆ ಅವರ ಆಯಸ್ಸು ಕಡಿಮೆಯಾಗುತ್ತದೆ ಅಂತ ನಮ್ಮವ್ವ ಕಲಿಸಿದ್ದಳು. "ತಿರುಪತೀಲಿರೋ ಸ್ವಾಮಿ ಎಸ್ರು" ಅಂದೆ. "ವೆಂಕಟೇಶನಾ?" "ಅಲ್ಲ ಕಣವ್ವ, ನಮ್ಮಂಥೋರು ಇಟ್ಕೊಳ್ಳೋದು." ಕೊನೆಗೆ ಮೈದುನನೇ ಹೇಳಿದ. ಅಂಥ ಹೊತ್ತಿನಲ್ಲೂ ನಾನು ಹೆಸರು ಕಾಪಾಡುತ್ತಾ ನಿಂತಿದ್ದೆನಲ್ಲ ಎಂದು ಈಗ ನೆನೆದರೆ ಅಳುವೂ ಬರುತ್ತದೆ, ನಗುವೂ ಬರುತ್ತದೆ.

ಮಾರನೇ ದಿನಕ್ಕೆ ಇನ್ನೂ ಕೆಟ್ಟಿತು. ಉಗುರು ನೀಲಿಯಾಯಿತು. ಒಂದೊಂದು ಉಸಿರಿಗೂ ಇವರು ಮೈಯೆಲ್ಲ ಎತ್ತಿ ಎಳೆಯುತ್ತಿದ್ದರು. ಡಾಕ್ಟರು ಒಳ್ಳೆಯವರು, ರಾತ್ರಿಯೆಲ್ಲ ಮನೆಗೆ ಹೋಗಿರಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದು, "ನೀರು ಕುಡಿದವರ ಲಕ್ಷಣ ಇದಲ್ಲಮ್ಮ. ಏನಾಗಿದೆ ಅಂತ ನನಗೇ ತಿಳೀತಾ ಇಲ್ಲ. ಎದೆ ಫೋಟೋ ತೆಗೆಯೋ ಮೆಷೀನು ಕೆಟ್ಟು ಕೂತಿದೆ. ಮೈಸೂರಿಗೆ ಕಳಿಸೋಣ ಅಂದ್ರೆ ಅಷ್ಟು ದೂರದ ದಾರಿ ಇವರು ತಡ್ಕೊಳ್ಳೋ ಹಾಗಿಲ್ಲ. ದೇವರಿಗೆ ಕೈ ಮುಗೀರಿ" ಅಂದರು. ಡಾಕ್ಟರೇ ದೇವರ ಕಡೆ ಕೈ ತೋರಿಸಿದ ಮೇಲೆ ನನಗೆ ಇನ್ನೇನು ಉಳಿದಿತ್ತು?

ಮೈದುನನನ್ನು ಇವರ ಪಕ್ಕ ಕೂರಿಸಿ ನೇರ ಹಾಸನಾಂಬೆಯ ಗುಡಿಗೆ ಹೋದೆ. ಅವಳ ಬಾಗಿಲು ತೆರೆಯುವುದು ವರ್ಷಕ್ಕೊಮ್ಮೆ, ದೀಪಾವಳಿ ಹೊತ್ತಿಗೆ ಮಾತ್ರ ಅಂತ ಹಾಲು ಕುಡಿಯುವ ಮಗುವಿಗೂ ಗೊತ್ತು. ನನಗೂ ಗೊತ್ತಿತ್ತು. ಕಾಲು ಕೇಳಲಿಲ್ಲ. ಸುಡುಬಿಸಿಲು. ಅದೇ ಆವರಣದಲ್ಲಿರುವ ಸಿದ್ಧೇಶ್ವರನ ಪೂಜೆ ಮುಗಿಸಿ ಪೂಜಾರಿಯೂ ಊಟಕ್ಕೆ ಹೋಗಿದ್ದರು. ಪ್ರಾಂಗಣದಲ್ಲಿ ಒಂದು ನರಪಿಳ್ಳೆಯೂ ಕಾಣಲಿಲ್ಲ. ಬೀಗ ಜಡಿದ ಬಾಗಿಲಿನ ಹಿಂದೆ ವರ್ಷವಿಡೀ ದೀಪ ಆರದೆ ಉರಿಯುತ್ತದೆ ಅನ್ನುತ್ತಾರೆ. ನಿಜ ಹೇಳುತ್ತೇನೆ, ಆ ಹೊತ್ತು ನನಗೆ ಆ ದೀಪದ ಮೇಲೂ ಸಿಟ್ಟು ಬಂತು.

"ಬಾಗ್ಲು ಆಕ್ಕೊಂಡು ತಣ್ಣಗೆ ಒಳ್ಗೆ ಕುಂತಿದ್ದೀಯಲ್ಲವ್ವಾ, ನನ್ನ ತಾಳಿ ನಿನ್ನ ಕಣ್ಣಿಗೆ ಬೀಳಾಕಿಲ್ವಾ? ನಿಂಗೂ ನನ್ನ ಗಂಡನ ಎಸ್ರು ಗೊತ್ತಿಲ್ವಾ? ಕೇಳುಸ್ಕೋ!" ಎಂದು ಬಾಗಿಲಿಗೆ ಹಣೆ ಚಚ್ಚಿಕೊಂಡು, ಮದುವೆಯಾದ ಮೇಲೆ ಮೊಟ್ಟಮೊದಲ ಸಲ, ಅವರ ಹೆಸರು ಹಿಡಿದು ಕೂಗಿದೆ. ಹೊಳೆನರಸೀಪುರದವರು, ಇಂಥವರ ಮಗ, ಹೊಳೆಯಿಂದ ಎತ್ತಿ ತಂದವರು ಅಂತ ಗುರುತೆಲ್ಲ ಹೇಳಿ ಕೂಗಿದೆ. ಗಂಟಲು ಕಟ್ಟುವ ತನಕ ಕೂಗಿದೆ.

ಹಿಂದೆ ಯಾರೋ ಕೆಮ್ಮಿದರು. ಕಂಬದ ಮರೆಯಲ್ಲಿ ಒಬ್ಬ ಗಂಡಸು ಟ್ರಂಕಿನ ಮೇಲೆ ಕೂತಿದ್ದವನು ಎದ್ದು ಬಂದ. ಮುಖ ಬೂದಿ ಬಳಿದ ಹಾಗಿತ್ತು.

"ನೀವು ತಿಮ್ಮಣ್ಣನ ಎಂಡ್ರಾ? ಜೀವ ಐತಾ ಇನ್ನೂ?"

"ನೀನು ಯಾರಪ್ಪ?"

ಅವನು ನನ್ನ ಕಾಲ ಬಳಿ ಕುಸಿದು ಕೂತ. ನಂಜಪ್ಪ ಅಂತ, ಚನ್ನರಾಯಪಟ್ಟಣದ ಕಡೆಯವನು. ಬೊಂಬಾಯಿಯಲ್ಲಿ ನೌಕಾಪಡೆಯಲ್ಲಿ ಮುಳುಗುವ ಕೆಲಸ ಮಾಡಿ ಬಂದವನು. ಗಾಳಿ ತುಂಬಿದ ಕಬ್ಬಿಣದ ಸಿಲಿಂಡರು ಬೆನ್ನಿಗೆ ಕಟ್ಟಿಕೊಂಡು, ರಬ್ಬರ್ ಕೊಳವೆ ಬಾಯಿಗಿಟ್ಟು, ನೀರಿನೊಳಗೂ ದಡದ ಮೇಲಿನಂತೆ ಉಸಿರಾಡುವ ವಿದ್ಯೆ ಅವನದು. ಪಂಪು ಎತ್ತಲು ಕಂಟ್ರಾಕ್ಟರ್ ಕರೆಸಿದ್ದು ಅವನನ್ನೇ. ಆದರೆ ಅಂದು ಅವನಿಗೆ ಶೀತವಾಗಿತ್ತು. ಶೀತದಲ್ಲಿ ಇಳಿದರೆ ಕಿವಿ ಒಡೆಯುತ್ತದಂತೆ. ಅದಕ್ಕೆ ಆ ಸಿಲಿಂಡರನ್ನು ಇವರ ಬೆನ್ನಿಗೆ ಕಟ್ಟಿದ್ದರು. ಈ ವಿಷಯ ನನಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ!

"ಅಲ್ಲಿ ನಮ್ಗೆ ವಾರಗಟ್ಲೆ ಕಲ್ಸಿ ಆಮೇಲೆ ನೀರಿಗಿಳುಸ್ತಿದ್ರು ಕಣವ್ವ. ನಾನು ಒಂದು ಬೀಡಿ ಸೇದೋವಷ್ಟರಲ್ಲಿ ಕಲ್ಸಿ ಇಳುಸ್ಬುಟ್ಟೆ. ಮೇಲಕ್ಕೆ ಬರೋವಾಗ ಉಸ್ರು ಬುಡ್ತಾ ಬರ್ಬೇಕು, ಇಡ್ಕೋಬಾರ್ದು. ಅದೊಂದನ್ನ ಯೋಳೋದು ಮರ್ತೆ. ಆ ಗಾಳಿ ಮೇಲಕ್ಕೆ ಬಂದಂಗೆಲ್ಲ ಬಿಸ್ಲಿಗಿಟ್ಟ ಸೈಕಲ್ ಟ್ಯೂಬಿನಂಗೆ ಉಬ್ಬುತ್ತೆ. ತಿಮ್ಮಣ್ಣ ದಮ್ಮು ಕಟ್ಕೊಂಡೇ ಎದ್ದ. ಅವ್ನ ಎದೇಲಿರೋದು ನೀರಲ್ಲ ಕಣವ್ವ, ಗಾಳಿ. ಜನ ಸೇರಾಕೆ ಮುಂಚೇನೇ ಸಿಲಿಂಡರ್ ಬಚ್ಚಿಟ್ಟು, ಯಾರಿಗೂ ಯೋಳ್ಬ್ಯಾಡ ಅಂತ ಕಂಟ್ರಾಕ್ಟರ್ ಕಡ್ಯೋರು ನನ್ನ ಓಡ್ಸುದ್ರು. ಆಸ್ಪತ್ರೆ ಗೇಟ್ ಗಂಟ ಬಂದೆ, ಒಳಿಕ್ಕೆ ಬರಾಕೆ ಕಾಲು ಬರ್ನಿಲ್ಲ. ಊರಿನ ಬಸ್ಸಿಗೆ ಹೊತ್ತೈತೆ ಅಂತ ಇಲ್ಲಿ ಕುಂತಿದ್ದೆ."

ಅಪ್ಪ ಕಲಿಸಿದ್ದನ್ನು ಪ್ರಾಣ ಹೋದರೂ ಬಿಡದೆ, ಆಕಾಶ ಕಾಣುವವರೆಗೂ ಉಸಿರು ಹಿಡಿದು ಬಂದಿದ್ದರು ನನ್ನ ಯಜಮಾನರು. ನಂಜಪ್ಪನನ್ನು ಬೈಯಲೂ ಹೊತ್ತಿರಲಿಲ್ಲ. ಅವನ ರಟ್ಟೆ ಹಿಡಿದು ಎಳೆದುಕೊಂಡೇ ಓಡಿದೆ.

ಡಾಕ್ಟರು ಕೇಳಿಸಿಕೊಂಡವರೇ ಇವರ ಎದೆಯನ್ನು ಬೆರಳಿನಿಂದ ತಟ್ಟಿ ನೋಡಿದರು. ಒಂದು ಮಗ್ಗುಲು ಬರಿಗಡಿಗೆಯಂತೆ ಸದ್ದು ಮಾಡಿತು. "ಶ್ವಾಸಕೋಶ ಹರಿದು ಗಾಳಿ ಅದರ ಹೊರಗೆ ಎದೆಗೂಡಿನಲ್ಲಿ ಸೇರಿಕೊಂಡಿದೆ, ಉಸಿರಿಗೆ ಜಾಗವೇ ಇಲ್ಲ" ಎಂದು ಪಕ್ಕೆಯ ಎಲುಬುಗಳ ನಡುವೆ ಕೊಳವೆ ತೂರಿಸಿ, ಅದರ ಇನ್ನೊಂದು ತುದಿಯನ್ನು ನೆಲದ ಮೇಲಿದ್ದ ನೀರಿನ ಬಾಟಲಿಯೊಳಗೆ ಇಳಿಬಿಟ್ಟರು. ಗುಳುಗುಳು ಅಂತ ಗುಳ್ಳೆ ಏಳತೊಡಗಿತು. ನೋಡನೋಡುತ್ತಿದ್ದಂತೆ ಉಗುರಿನ ನೀಲಿ ತಿಳಿಯಾಯಿತು. ಬಾಟಲಿಯಲ್ಲಿ ಗುಳ್ಳೆ ಪೂರ್ತಿ ನಿಲ್ಲುವವರೆಗೂ ನಾನು ಆ ನೆಲ ಬಿಟ್ಟು ಏಳಲಿಲ್ಲ.

ಇವರು ಉಳಿದರು. ಎಲ್ಲವೂ ಮೊದಲಿನಂತಾಯಿತು ಅಂದರೆ ಸುಳ್ಳಾಗುತ್ತದೆ. ಗಾಳಿಯ ಗುಳ್ಳೆ ರಕ್ತಕ್ಕೆ ಸೇರಿ ಮಿದುಳಿಗೆ ಹೋಗಿತ್ತಂತೆ, ಎಡಗೈಗೆ ಇವತ್ತಿಗೂ ತುತ್ತು ಎತ್ತುವಷ್ಟು ಬಲವಿಲ್ಲ. ಹೊಳೆಯ ಕಡೆ ತಿರುಗಿಯೂ ನೋಡುವುದಿಲ್ಲ. ತಲೆಗೆ ನೀರು ಹುಯ್ದರೆ ಮಗುವಿನಂತೆ ನನ್ನ ಸೆರಗು ಹಿಡಿದುಕೊಳ್ಳುತ್ತಾರೆ. ಬೆನ್ನಿಗೆ ಗಾಳಿ ಕಟ್ಟಿಕೊಂಡು ಮುಳುಗುವುದು ಅಷ್ಟೊಂದು ಅಪಾಯವೇ ಎಂದು ಈಗಲೂ ಜನ ಕೇಳುತ್ತಾರೆ. ಕ್ರಮವಾಗಿ ಕಲಿತವರು ಇಳಿದು ನಗುತ್ತಾ ಬರುತ್ತಾರಂತೆ, ನಂಜಪ್ಪನೇ ಹೇಳುತ್ತಾನೆ. ಕಲಿಯದವರಿಗೆ ಮೂರಾಳು ನೀರು ಸಾಕು.

ಬಾಗಿಲು ತೆರೆದಿದ್ದರೆ ಅಂದು ಗುಡಿಯಲ್ಲಿ ಸಾವಿರ ಜನ ಇರುತ್ತಿದ್ದರು, ನನ್ನ ಕೂಗು ನಂಜಪ್ಪನ ಕಿವಿಗೆ ಬೀಳುತ್ತಲೇ ಇರಲಿಲ್ಲ. ತಾಯಿ ಮುಚ್ಚಿಕೊಂಡೇ ನನಗೆ ಕೊಟ್ಟಳು. ದೀಪಾವಳಿಗೆ ಊರೆಲ್ಲ ಅವಳನ್ನು ನೋಡಲು ಹೋಗುತ್ತದೆ. ನಾನು ಪ್ರತಿ ಚೈತ್ರದಲ್ಲೂ ಬೀಗದ ಮುಂದೆ ನಿಂತು ಕೈ ಮುಗಿದು ಬರುತ್ತೇನೆ.

ಇವರು ಕೆಲವೊಮ್ಮೆ ಕೆಣಕುತ್ತಾರೆ: "ಅವತ್ತು ನನ್ನ ಎಸ್ರು ಕೂಗಿದ್ಯಂತಲ್ಲಮ್ಮಿ, ನಾನು ಕೇಳ್ಲೇ ಇಲ್ಲ. ಇನ್ನೊಂದ್ಸಲ ಕೂಗು, ನೋಡವಾ."

"ಬಾಯಿ ಮುಚ್ಕೊಂಡು ಉಣ್ರೀ" ಅನ್ನುತ್ತೇನೆ.

ತಾಯೀ, ಆ ಹೆಸರನ್ನು ನಾನು ಇನ್ನೊಮ್ಮೆ ಕೂಗುವ ದಿನ ನನ್ನ ಪಾಲಿಗೆ ತರಬೇಡ.