ಬಬಲೇಶ್ವರದಲ್ಲಿ ನೀಲಾಳನ್ನು ಯಾರ ಉಡಿಗೂ ಕೊಡಲಿಲ್ಲ

ರವಿವಾರ ಬೆಳಿಗ್ಗೆ ಏಳಕ್ಕೆ ಜಲನಗರದಿಂದ ಆಟೊ ಹಿಡಿದು ವಿಜಯಪುರದ ಬಸ್ ನಿಲ್ದಾಣಕ್ಕೆ ಬಂದೆ. ಜೊತೆಗೆ ಎರಡೂವರೆ ವರ್ಷದ ಮಗಳು ನೀಲಾ. ಅವಳನ್ನು ಶಿಶುಗೃಹದಿಂದ ದತ್ತು ತಂದು ಐದು ತಿಂಗಳಾಗಿತ್ತು. ಬಬಲೇಶ್ವರದಲ್ಲಿರುವ ಗಂಡನ ಸೋದರತ್ತೆ ಉಡಿ ತುಂಬಲು ಕರೆದಿದ್ದರು. ನೇರ ಬಸ್ಸು ತಪ್ಪಿತ್ತು, ತಿಕೋಟಾ ಮೇಲೆ ಹಾಯ್ದು ಹೋಗೋಣವೆಂದು ಸಿಕ್ಕ ಬಸ್ಸು ಹತ್ತಿದೆ. ಆಧಾರ್ ತೋರಿಸಿದೆ, ಟಿಕೆಟ್ ಪುಕ್ಕಟೆ.

ಬಸ್ಸು ಊರು ದಾಟುವ ಮೊದಲೇ ನೀಲಾ ಪಕ್ಕದ ಅಪರಿಚಿತ ಹೆಂಗಸಿನತ್ತ ಎರಡೂ ಕೈ ಚಾಚಿದಳು.

"ಏನ್ ಶಾಣ್ಯಾ ಕೂಸರಿ! ಹೊಸಬರಂತ ಅಂಜಿಕೀನ ಇಲ್ಲ," ಎಂದು ಆಕೆ ಹಿಗ್ಗಿದಳು. ನಾನು ಮಗಳನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡೆ. ಆಕೆ ಮುಖ ತಿರುಗಿಸಿದಳು. ತಿರುಗಿಸಲಿ! ಅಂಜಿಕೆಯಿಲ್ಲದಿರುವುದು ಜಾಣತನವಲ್ಲ. ಶಿಶುಗೃಹದಲ್ಲಿ ಹಾಲಿತ್ತು, ಒಗೆದ ಬಟ್ಟೆಯಿತ್ತು, ಆದರೆ ಪಾಳಿಗೊಬ್ಬಳು ಆಯಾ. ಎತ್ತಿಕೊಂಡವಳು ಸಂಜೆಗೆ ಮನೆಗೆ ಹೋಗುತ್ತಿದ್ದಳು. ಹಾಗೆ ಬೆಳೆದ ಕೂಸಿಗೆ ಎಲ್ಲರೂ ಒಂದೇ, ನಾನೂ ಅವರಲ್ಲೊಬ್ಬಳು.

ತಿಕೋಟಾದಲ್ಲಿ ಇಳಿದು ಚಹಾ ಕುಡಿಯುವಾಗ ಅವಳು ಕಟ್ಟೆಯಿಂದ ಬಿದ್ದು ಮೊಣಕಾಲು ತರಚಿಕೊಂಡಳು. ಅಳಲಿಲ್ಲ, ನನ್ನತ್ತ ನೋಡಲೂ ಇಲ್ಲ. ಎದ್ದು ಮಣ್ಣು ಒರೆಸಿಕೊಂಡಳು. ಕೆಲವು ತಿಂಗಳು ಎತ್ತುವುದು, ಉಣಿಸುವುದು, ಮಲಗಿಸುವುದು ತಂದೆ-ತಾಯಿ ನೀವಿಬ್ಬರೇ ಮಾಡಿ, ತನ್ನವರು ಯಾರೆಂದು ಕೂಸಿಗೆ ತಿಳಿಯಲಿ ಎಂದು ಮಕ್ಕಳ ಡಾಕ್ಟರರು ಹೇಳಿದ್ದರು. ನಾನು ಅದನ್ನೇ ಹಟ ಹಿಡಿದಿದ್ದೆ.

ಇನ್ನೊಂದು ಬಸ್ಸು ಹತ್ತಿ, ಒಣದ್ರಾಕ್ಷಿಯ ಶೆಡ್ಡುಗಳನ್ನು ನೋಡುತ್ತ ಬಬಲೇಶ್ವರ ಮುಟ್ಟಿದಾಗ ಬಿಸಿಲು ಚುರುಗುಟ್ಟುತ್ತಿತ್ತು. ಅತ್ತೆಯ ಮನೆಯಲ್ಲೊಂದು ಪದ್ಧತಿ. ಹೊಸ ಕೂಸು ಬಂದರೆ, ತಾಯಿಗೆ ಉಡಿ ತುಂಬುವ ಮೊದಲು ಅದನ್ನು ಮನೆಯ ಹೆಂಗಸರೆಲ್ಲರ ಉಡಿಯಿಂದ ಉಡಿಗೆ ದಾಟಿಸಬೇಕು. ಏಳು ಜನ ಸಾಲಾಗಿ ಕೂತಿದ್ದರು. ನೀಲಾ ಆಗಲೇ ಕೈ ಚಾಚಿದ್ದಳು.

"ಕೊಡಂಗಿಲ್ರಿ," ಎಂದೆ.

"ಯಾಕ ಬೇ? ನಮ್ಮ ಉಡಿಯಾಗ ಮುಳ್ಳ ಅದಾವೇನ?" ಅತ್ತೆ ಕೆಂಡವಾದರು.

"ನಿಮ್ಮ ಉಡಿ ಛಲೋ ಐತ್ರಿ. ಈಕಿ ಹುಟ್ಟಿದಾಗಿಂದ ಉಡಿ ಬದಲಸ್ಕೋತನ ಬಂದಾಳ. ಮದಲ ಒಂದ ಉಡಿ ಖಾಯಂ ಆಗಲಿ, ಆಮ್ಯಾಲ ಎಲ್ಲಾರೂ ತಗೋರಿ."

"ಹಂಗಾರ ಉಡಿ ತುಂಬಂಗಿಲ್ಲ, ನೋಡ."

"ಬ್ಯಾಡ ಬಿಡ್ರಿ."

ಊಟ ಮಾತ್ರ ಹಾಕಿದರು, ಹೋಳಿಗೆ, ಕಟ್ಟಿನ ಸಾರು. ನೀಲಾಳಿಗೆ ನಾನೇ ಉಣಿಸಿದೆ. ಕೈ ತೊಳೆಯಲು ಹಿತ್ತಲಿನ ನಳದ ಹತ್ತಿರ ಹೋದದ್ದೇ ತಡ, ಅತ್ತೆ ಅವಳನ್ನು ಎತ್ತಿಕೊಂಡುಬಿಟ್ಟರು.

ಚೀರಿದ್ದು ಯಾರ ಕೂಸೆಂದು ನನಗೆ ತಿಳಿಯಲೇ ಇಲ್ಲ. ಐದು ತಿಂಗಳಲ್ಲಿ ಆ ದನಿಯನ್ನು ನಾನು ಕೇಳಿರಲೇ ಇಲ್ಲ. ಓಡಿ ಬಂದರೆ ನೀಲಾ ಅತ್ತೆಯ ಎದೆಗೆ ಒದೆಯುತ್ತ ಹಿತ್ತಲ ಬಾಗಿಲಿನತ್ತ ಬಾಗಿದ್ದಳು. ನನ್ನನ್ನು ಕಂಡು ಜಿಗಿದು ಕೊರಳಿಗೆ ಬಿದ್ದಳು.

"ಎಂಥಾ ಹಟಮಾರಿ ಮಾಡಿ ಇಟ್ಟೀ ನೀ!" ಎಂದರು ಅತ್ತೆ.

ಚೀಲ ಹೆಗಲಿಗೇರಿಸಿ ಮೂರು ಗಂಟೆಯ ವಿಜಯಪುರದ ಬಸ್ಸು ಹಿಡಿದೆ. ನೀಲಾ ಇನ್ನೂ ಬಿಕ್ಕುತ್ತಿದ್ದಳು, ನನ್ನ ಕುಪ್ಪಸದ ತೋಳು ಬಿಟ್ಟಿರಲಿಲ್ಲ. ಬಸ್ಸಿನವರೆಲ್ಲ ತಿರುಗಿ ನೋಡಿದರು. ಕಂಡಕ್ಟರ್ ಹತ್ತಿರ ಬಂದ.

"ಯಾಕ್ರೀ ಅಕ್ಕಾರ, ಕೂಸ ಯಾಕ ಅಳಾಕತ್ತೈತಿ?"

"ನನ್ನ ಸಲುವಾಗಿ ಅಳಾಕತ್ತಾಳ್ರಿ," ಎಂದೆ. "ಅಳಲಿ."